ಸೌತೆ ಎಲೆಯ ಮೇಲಿನ ವೃತ್ತಗಳು

ಬೇಲಿ ಹಾಕುವವರಿಗಿಂತ ಬೇಲಿ ದಾಟುವವರಿಗೆ ಬಿಡುವು ಜಾಸ್ತಿ. ಹಾಸ್ಟೆಲ್ ನಡೆಸಿದವರಿಗೆ ಇದು ಗೊತ್ತು, ತರಕಾರಿ ಬೆಳೆದವರಿಗೂ ಗೊತ್ತು. ನಾನು ಎರಡನ್ನೂ ಮಾಡಿದವಳು. ಹಾಗಾಗಿ ಇಂಥ ಪ್ರಸಂಗಗಳು ನನ್ನ ಪಾಲಿಗೆ ಎರಡು ಕಡೆಯಿಂದಲೂ ಬರುತ್ತಿದ್ದವು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕೊಪ್ಪದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೇಟ್ರನ್ ಆಗಿದ್ದೆ. ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಹೊದಿಕೆಯ ಮಡಿಕೆ ಕೂಡ ನೇರವಾಗಿರಬೇಕಿತ್ತು. ಆ ಶಿಸ್ತನ್ನು ನಾನು ಹಾಸ್ಟೆಲಿನ ಹಿತ್ತಲಿಗೂ ತಂದೆ. ಹಗ್ಗ ಹಿಡಿಸದೆ ಒಂದು ಪಾತಿಯನ್ನೂ ಮಾಡಿಸಲಿಲ್ಲ. ಮನೆ ನೆನೆದು ಅಳುವ ಹುಡುಗಿ ಬಂದರೆ ಸಮಾಧಾನ ಹೇಳುವುದು ನನ್ನಿಂದಾಗುತ್ತಿರಲಿಲ್ಲ. ಕಳೆ ಕೀಳಲು ಕಳಿಸುತ್ತಿದ್ದೆ. ಸಂಜೆಗೆ ಪಾತಿಯೂ ಚೊಕ್ಕ, ಹುಡುಗಿಯೂ ಸುಮ್ಮನೆ.

ಆದರೆ ಆ ಜಾಗದ ಮೇಲೆ ನಮ್ಮ ಸಮಿತಿಯ ಅಧ್ಯಕ್ಷರ ಕಣ್ಣು ಬಿದ್ದಿತ್ತು. "ಮೇಟ್ರನ್ನರೇ, ಈ ಮಳೆಗಾಲ ನೋಡುತ್ತೇನೆ" ಎಂದರು. "ತರಕಾರಿ ಮಕ್ಕಳ ಊಟಕ್ಕೆ ಬಂದರೆ ಸರಿ. ಹುಳುವಿನ ಊಟಕ್ಕೇ ಹೋಗುವುದಾದರೆ ಅಲ್ಲಿ ಸೌದೆ ಕೊಟ್ಟಿಗೆ ಕಟ್ಟಿಸುವುದೇ ಮೇಲು."

ಬೆಂಡೆಯ ರೋಮ

ಕೃಷಿ ಇಲಾಖೆಯ ಗ್ರಾಮಸೇವಕರನ್ನು ಕರೆಸಿದೆ. ಅವರು ಒಂದು ಪೊಟ್ಟಣ ಬೆಂಡೆ ಬೀಜ ಕೊಟ್ಟರು. "ಇದರ ಎಲೆ ತುಂಬ ರೋಮ, ಮೇಡಂ. ಎಲೆಯ ರಸ ಹೀರುವ ಜಿಗಿಹುಳುವಿಗೆ ಇದರ ಮೇಲೆ ಕಾಲೂರಲು ಆಗುವುದಿಲ್ಲ."

ಮಾತು ಸುಳ್ಳಾಗಲಿಲ್ಲ. ಜಿಗಿಹುಳು ಪಕ್ಕದ ಮನೆಯ ಬೆಂಡೆಗೆ ಹೋಯಿತು. ನಾನು ಬೀಗುತ್ತಿದ್ದಾಗಲೇ ಎಲೆಯ ಅಡಿಯಿಂದ ಬಿಳಿ ನೊಣ ಎದ್ದವು, ಹಿಟ್ಟು ಕೊಡವಿದ ಹಾಗೆ. ಎಲೆಯ ನರಗಳು ಹಳದಿಯಾದವು, ಕಾಯಿ ಸೊಟ್ಟಗಾಯಿತು.

"ಇವಕ್ಕೆ ರೋಮ ತೊಂದರೆ ಕೊಡುವುದಿಲ್ಲವೇ?" ಎಂದು ಗ್ರಾಮಸೇವಕರನ್ನು ಕೇಳಿದೆ.

ಅವರು ಎಲೆ ಮಗುಚಿ ನೋಡಿದರು. "ಇವಕ್ಕೆ ರೋಮವೇ ಬೇಕು, ಮೇಡಂ. ಅದರ ನಡುವೆ ಬೆಚ್ಚಗೆ ಮೊಟ್ಟೆ ಇಡುತ್ತವೆ."

ನಮ್ಮ ಅಡುಗೆಯಾಕೆ ಬಾಗಿಲಲ್ಲೇ ನಿಂತಿದ್ದಳು. "ಹೋಗಲಿ ಬಿಡಿ ಅಮ್ಮ" ಎಂದಳು. "ಕಳ್ಳನಿಗೆ ಅಂತ ಮುಳ್ಳು ಹಾಕಿದೆವು, ಬಾಣಂತಿಗೆ ಕೋಣೆ ಆಯ್ತು."

ಕಹಿ ಸೌತೆ

ಬೆಂಡೆ ಹೋಯಿತು, ಉಳಿದದ್ದು ಸೌತೆ. ಸೌತೆಗೆ ಹುಳುವಿಗಿಂತ ಮೊದಲು ನಮ್ಮ ಹುಡುಗಿಯರ ಕಾಟ. ಮಧ್ಯಾಹ್ನ ಸ್ಕೂಲಿನಿಂದ ಬಂದವರು ಕೈತೊಳೆಯಲು ಬಾವಿಕಟ್ಟೆಗೆ ಹೋಗಿ ಬಾಯಿ ಒರೆಸಿಕೊಳ್ಳುತ್ತಾ ಬರುತ್ತಿದ್ದರು. ಎಳೆಗಾಯಿ ಒಂದೂ ಅಡುಗೆಮನೆ ಕಾಣುತ್ತಿರಲಿಲ್ಲ.

ಶೆಟ್ಟಿಕೊಪ್ಪದ ಕಡೆ ಒಂದು ಜಾತಿಯ ಸೌತೆ ಇದೆ, ಎಳೆಯದರಲ್ಲಿ ಕಹಿ, ಬಲಿತ ಮೇಲೆ ಸರಿ ಎಂದು ಕೇಳಿ ಆ ವರ್ಷ ಅದರ ಬೀಜ ತರಿಸಿದ್ದೆ. ಗಿಡವೇ ತನ್ನ ಕಾಯಿಯನ್ನು ಕಾಯ್ದುಕೊಳ್ಳಲಿ ಎಂಬುದು ನನ್ನ ಲೆಕ್ಕ. ಮೊದಲ ದಿನ ಕಚ್ಚಿದವರು ಉಗುಳಿದರು. ವಾರವಿಡೀ ಕಾಯಿ ಬಳ್ಳಿಯಲ್ಲೇ ಉಳಿದವು. ಆಮೇಲೆ ಮತ್ತೆ ಮಾಯವಾಗತೊಡಗಿದವು.

ಒಂದು ಮಧ್ಯಾಹ್ನ ಬಾವಿಕಟ್ಟೆಯ ಹಿಂದೆ ನಾಲ್ವರು ಸಿಕ್ಕರು. ತುದಿ ಕೊಯ್ದು, ಕೊಯ್ದ ಚೂರಿನಿಂದಲೇ ಕಾಯಿಯನ್ನು ಗಸಗಸ ತಿಕ್ಕಿ, ಬಂದ ನೊರೆಯನ್ನು ತೊಳೆದು ತಿನ್ನುತ್ತಿದ್ದರು.

"ಇದನ್ನು ಯಾರು ಕಲಿಸಿದರು?"

"ನೀವೇ, ಮೇಡಂ. ಹೋದ ವಾರ ಅಡುಗೆಮನೆಯಲ್ಲಿ ತೋರಿಸಿದಿರಿ. ಹೆಣ್ಣುಮಕ್ಕಳಿಗೆ ಇದೆಲ್ಲ ಗೊತ್ತಿರಬೇಕು ಅಂದಿರಿ."

ಕಹಿ ಹೆಚ್ಚಿಸುವುದು ಬಳ್ಳಿಯ ಕೆಲಸ, ಕಹಿ ತೆಗೆಯುವುದು ತಿನ್ನುವವರ ಕೆಲಸ, ಎರಡು ಕಡೆಯವರೂ ತಮ್ಮ ಕೆಲಸದಲ್ಲಿ ಶ್ರದ್ಧೆ ಇಟ್ಟಿದ್ದಾರೆ ಎಂದುಕೊಂಡೆ. "ತಿನ್ನುವುದಾದರೆ ಕೂತು ತಿನ್ನಿ" ಎಂದೆ. ಕೂತರು. ಮರುದಿನದಿಂದ ಉಪ್ಪಿನ ಭರಣಿಯೂ ಅಲ್ಲಿಗೇ ಹೋಯಿತು.

ಕೈವಾರ

ಮಳೆ ಹಿಂದಾಗುವ ಹೊತ್ತಿಗೆ ಬಳ್ಳಿಯಲ್ಲಿ ಬಲಿತ ಕಾಯಿ ಸಾಕಷ್ಟಿದ್ದವು. ಅಧ್ಯಕ್ಷರು ಜಯಪುರದಿಂದ ಬೆಳಗಿನ ಬಸ್ಸಿಗೆ ಬಂದರು. ನೇರ ಹಿತ್ತಲಿಗೆ ನಡೆದು ಸೌತೆಯ ಎಲೆಯೊಂದನ್ನು ಎತ್ತಿ ಹಿಡಿದರು. ಎಲೆಯ ತುಂಬ ದುಂಡನೆಯ ಗೆರೆಗಳು. ಕೆಲವುಗಳ ಒಳಗೆ ಎಲೆಯೇ ಇಲ್ಲ, ತೂತು.

"ಹುಳುವಿನ ಕೆಲಸವಲ್ಲ ಇದು" ಎಂದರು. "ಹುಳು ಜಾಮಿಟ್ರಿ ಓದಿರುವುದಿಲ್ಲ. ನಿಮ್ಮ ಹುಡುಗಿಯರು ಕೈವಾರ ಹಿಡಿದು ಆಡಿದ್ದಾರೆ. ಹಿತ್ತಲು ಕೊಟ್ಟರೆ ಹೀಗೇ. ಸೌದೆ ಕೊಟ್ಟಿಗೆಯೇ ಆಗಲಿ."

"ನನ್ನ ಹುಡುಗಿಯರು ಇಷ್ಟು ದುಂಡಗೆ ಎಳೆಯುವವರಾಗಿದ್ದರೆ ಗಣಿತದ ಮೇಷ್ಟರು ನನ್ನ ಹತ್ತಿರ ದೂರು ತರುತ್ತಿರಲಿಲ್ಲ" ಎಂದೆ.

ಅವರು ಕೇಳಲಿಲ್ಲ. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಜಾಮಿಟ್ರಿ ಬಾಕ್ಸ್ ತೆಗೆಸಿದರು. ಹತ್ತನೆಯ ತರಗತಿಯವಳೊಬ್ಬಳು ಎಲೆಯನ್ನು ಬೆಳಕಿಗೆ ಹಿಡಿದಳು. "ಸರ್, ಕೈವಾರದ್ದಾದರೆ ನಡುವೆ ಮುಳ್ಳು ಊರಿದ ತೂತು ಇರಬೇಕಲ್ಲ. ಒಳಗೆ ಎಲೆ ಉಳಿದಿರುವ ಈ ಸುತ್ತುಗಳಲ್ಲಿ ಅದು ಇಲ್ಲ."

ಅಧ್ಯಕ್ಷರು ಕನ್ನಡಕ ಸರಿ ಮಾಡಿಕೊಂಡರು. ನಡುವೆ ಮುಳ್ಳಿನ ಗುರುತಿರಲಿಲ್ಲ. ಅಷ್ಟರಲ್ಲಿ ಪಕ್ಕದ ಎಲೆಯ ಮೇಲೆ ಕಿತ್ತಳೆಗೆಂಪು ದುಂಬಿಯೊಂದು ತಿರುಗುತ್ತಿರುವುದು ಕಂಡಿತು. ಅದು ತಿನ್ನುತ್ತಿರಲಿಲ್ಲ. ತನ್ನ ಸುತ್ತ ಎಲೆಯನ್ನು ಕೊರೆಯುತ್ತ ಒಂದು ಸುತ್ತು ಬಂದು, ಗೆರೆ ಕೂಡಿಸಿ, ಆಮೇಲೆ ಒಳಗಿನದನ್ನು ನೆಮ್ಮದಿಯಾಗಿ ತಿನ್ನಲು ಶುರು ಮಾಡಿತು.

ಅಧ್ಯಕ್ಷರನ್ನು ನೋಡಲು ಬಂದಿದ್ದ ಗ್ರಾಮಸೇವಕರು ವಿವರಿಸಿದರು. "ಕಚ್ಚಿದ ಕಡೆಗೆ ಬಳ್ಳಿ ಸೊನೆ ಹರಿಸುತ್ತದೆ, ಸರ್. ಅಂಟು ಸೊನೆ, ಬಾಯಿ ಕಟ್ಟಿಹೋಗುತ್ತದೆ. ಅದಕ್ಕೆ ಇದು ಮೊದಲೇ ಸುತ್ತ ಕೊರೆದು ಸೊನೆಯ ದಾರಿ ಕಡಿಯುತ್ತದೆ. ಆಮೇಲೇ ಊಟ."

ಅಧ್ಯಕ್ಷರು ಪಂಚೆ ಎತ್ತಿಕೊಂಡು ಕುಕ್ಕರುಗಾಲಲ್ಲಿ ಕೂತು, ಆ ದುಂಬಿ ಎರಡನೆಯ ಸುತ್ತು ಮುಗಿಸುವವರೆಗೂ ನೋಡಿದರು. ಆದರೆ ಕೊಟ್ಟಿಗೆಯ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಊಟಕ್ಕೆ ಎಲೆ ಹಾಕಿದೆವು. ಸೌತೆಕಾಯಿ ಹುಳಿ, ಸೌತೆಕಾಯಿ ಪಲ್ಯ, ಎಲ್ಲ ಹಿತ್ತಲಿನದೇ. ಎದುರು ಸಾಲಿನಲ್ಲಿ ಹುಡುಗಿಯರು. ಅಧ್ಯಕ್ಷರು ಆಚಾರವಂತರು. ಅಂಗೈಯಲ್ಲಿ ನೀರು ತೆಗೆದುಕೊಂಡು, ಮಂತ್ರ ಹೇಳುತ್ತಾ, ಬಾಳೆ ಎಲೆಯ ಸುತ್ತ ನೀರು ಕಟ್ಟಲು ಶುರು ಮಾಡಿದರು. ಅರ್ಧ ಸುತ್ತು ಬಂದಾಗ ತಲೆ ಎತ್ತಿದರು. ಸಾಲಿನ ಅಷ್ಟೂ ಕಣ್ಣು ಅವರ ಕೈಯ ಮೇಲಿತ್ತು. ಕೈ ಅಲ್ಲೇ ನಿಂತಿತು. ನಾನು ಮಜ್ಜಿಗೆಯ ತಂಬಿಗೆ ನೋಡುತ್ತಾ ಕೂತೆ; ಕಾನ್ವೆಂಟಿನಲ್ಲಿ ಊಟದ ಹೊತ್ತಿನಲ್ಲಿ ನಗುವುದನ್ನು ಕಲಿಸಿರಲಿಲ್ಲ.

ಅಡುಗೆಯಾಕೆ ಅನ್ನದ ಪಾತ್ರೆ ಹಿಡಿದು ನಿಂತಿದ್ದಳು. ಮೆಲ್ಲಗೆ ಹೇಳಿದಳು: "ಪೂರ್ತಿ ಸುತ್ತಿಬಿಡಿ, ಅಯ್ಯ. ಅರ್ಧಕ್ಕೆ ಬಿಟ್ಟರೆ ಸೊನೆ ಒಳಗೆ ಬರ್ತದೆ."

ಮೊದಲು ನಕ್ಕವರು ಅಧ್ಯಕ್ಷರೇ. ಅಂಗೈಯ ನೀರೆಲ್ಲ ಚೆಲ್ಲಿತು, ಇನ್ನೊಮ್ಮೆ ತೆಗೆದುಕೊಳ್ಳಬೇಕಾಯಿತು. ಹುಳಿ ಎರಡು ಸಲ ಹಾಕಿಸಿಕೊಂಡರು. ಕೈತೊಳೆದು ಹೊರಟಾಗ ಹಿತ್ತಲಿನ ಕಡೆ ಒಮ್ಮೆ ನೋಡಿದರು.

"ಸೌದೆಗೆ ಬೇರೆ ಜಾಗ ನೋಡಿ, ಮೇಟ್ರನ್ನರೇ" ಎಂದರು. "ಸುತ್ತು ಕಟ್ಟಿ ಊಟಕ್ಕೆ ಕೂತವರನ್ನು ಎಬ್ಬಿಸುವ ಪದ್ಧತಿ ನಮ್ಮಲ್ಲಿ ಇಲ್ಲ."