ಕಾಂಪೌಂಡರ್ ಗಿರಿಗಾಗಿ ಒಂದು ಮುಡಿ

ಗುಂಡ್ಲುಪೇಟೆಯ ನಮ್ಮ ಬಾಡಿಗೆ ಮನೆಯ ಟಿ.ವಿ. ಮುಂದೆ ಆ ಸಂಜೆ ಹತ್ತನೇ ಕ್ಲಾಸಿನ ನನ್ನ ಮಗಳು ರೂಪ, ಅವಳ ಇಬ್ಬರು ಗೆಳತಿಯರು, ಎಲೆಗೆ ಸುಣ್ಣ ಸವರುತ್ತಿದ್ದ ನನ್ನ ಅವ್ವ, ಅವರೆಕಾಯಿ ಬಿಡಿಸುತ್ತಿದ್ದ ನನ್ನ ಹೆಂಡತಿ ಕೂತಿದ್ದರು. ಮನೆಯ ಯಜಮಾನನಾದ ನಾನು ಬಾಗಿಲ ಹತ್ತಿರ ನಿಂತಿದ್ದೆ. ಕೂರಲು ಜಾಗ ಉಳಿದಿರಲಿಲ್ಲ.

ಹುಡುಗಿಯರು ಮನಸೋಲಲಿ ಅಂತಲೇ ಧಾರಾವಾಹಿಯಲ್ಲಿ ಹೀರೋಗೆ ಕಾರು, ಕೋಟು ಕೊಟ್ಟಿರುತ್ತಾರೆ ಎಂದು ನಾನು ತಿಳಿದಿದ್ದೆ. ಈ ಧಾರಾವಾಹಿಯ ಹೀರೋ ದೊಡ್ಡ ಡಾಕ್ಟರು. ನಮ್ಮ ಬೀದಿಯ ಹೈಸ್ಕೂಲು ಹುಡುಗಿಯರು ಮರುಳಾದದ್ದು ಮಾತ್ರ ಅವನ ಕಾಂಪೌಂಡರ್ ಗಿರಿಗೆ. ಆ ಬಡಪಾಯಿಗೆ ಇದ್ದದ್ದೇ ಒಂದು ಮಾತು: "ಡಾಕ್ಟರು ಒಳಗಿದ್ದಾರೆ, ಕೂತ್ಕೊಳ್ಳಿ." ಹಾಗೆಂದು ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ತಳ್ಳುತ್ತಿದ್ದ. ಅಷ್ಟಕ್ಕೇ ಹುಡುಗಿಯರು ನಿಟ್ಟುಸಿರು ಬಿಡುತ್ತಿದ್ದರು. ಕನ್ನಡಿ ಮುಂದೆ ನಾನೂ ಒಮ್ಮೆ ಹಾಗೇ ತಳ್ಳಿ ನೋಡಿದೆ. "ತಲೆನೋವಾ?" ಎಂದಳು ಹೆಂಡತಿ.

ಆ ಸಂಜೆ ಗಿರಿಯ ಸೈಕಲ್ಲಿಗೆ ಲಾರಿ ಗುದ್ದಿತು. ಹುಡುಗಿಯರು ಗೊಳೋ ಎಂದರು. ರೂಪ ಊಟ ಬೇಡವೆಂದು ಮುಸುಕು ಹಾಕಿಕೊಂಡಳು.

"ಬಣ್ಣದ ನೀರು ಕಣಮ್ಮಿ ಅದು, ರಕ್ತ ಅಲ್ಲ" ಎಂದು ನಕ್ಕೆ.

ಅವ್ವ ಉರಿದುಬಿದ್ದಳು. "ಐಕ್ಳು ಅಳ್ತಾ ಕುಂತವೆ, ಹಲ್ಲು ಕಿರಿತೀಯಲ್ಲ, ಮನ್ಸನೇನ್ಲಾ ನೀನು?" ಎಂದವಳೇ ಟಿ.ವಿ.ಗೇ ಕೈಮುಗಿದಳು. "ಮಾದಪ್ಪ, ಆ ಕೂಸು ಉಳ್ಕಂಡ್ರೆ ನಿನ್ ಬೆಟ್ಟಕ್ಕೆ ಬಂದು ಮುಡಿ ಕೊಡ್ತೀವಿ ಕಣಪ್ಪ."

"ಯಾರ ಮುಡಿಯವ್ವ?"

"ಇನ್ಯಾರ್ದು? ನಂದು ಉಳಿದಿರದೇ ನಾಕೆಳೆ. ನಿಂದೇ ಕಣ್ಲಾ!"

ರೂಪ ಮುಸುಕು ಸರಿಸಿದಳು. "ಕೊಡ್ತೀಯಾಪ್ಪ?"

ಆ ಮುಖಕ್ಕೆ ಇಲ್ಲ ಅನ್ನುವುದು ಹೇಗೆ? ಹೂಂ ಅಂದುಬಿಟ್ಟೆ. ಅವಳು ಎದ್ದು ಉಂಡಳು.

ನನಗೆ ಮಾತ್ರ ಊಟ ಸೇರದಾಯಿತು. ಮುಂದಿನ ತಿಂಗಳು ಚಾಮರಾಜನಗರದಲ್ಲಿ ಭಾಮೈದನ ಮದುವೆ. ಹೊಸ ಸಫಾರಿ ಹೊಲಿಸಿದ್ದೆ. ನಲವತ್ತು ದಾಟಿದರೂ ನರೆಯದ ನನ್ನ ಕ್ರಾಪನ್ನು ಬೀಗರೆಲ್ಲ ಹೊಗಳುವುದು ವಾಡಿಕೆ. ಹಾಗಾಗಿ ಮರುದಿನದಿಂದ ಹುಡುಗಿಯರಿಗಿಂತ ಮುಂಚೆ ನಾನೇ ಟಿ.ವಿ. ಮುಂದೆ ಹಾಜರು. ಗಿರಿ ಉಳಿಯುವುದು ಕಷ್ಟವೆಂದು ಡಾಕ್ಟರು ತಲೆ ಅಲ್ಲಾಡಿಸಿದರೆ ನನ್ನ ಜೀವಕ್ಕೆ ಸಮಾಧಾನ. ಪಕ್ಕಕ್ಕೆ ತಿರುಗಿ ಮಗಳ ಮುಖ ಕಂಡರೆ ಅದೂ ಇಲ್ಲ. ಕಡೆಗೊಂದು ಸಂಜೆ ಗಿರಿಯ ಎದೆಬಡಿತ ತೋರಿಸುವ ಮೆಷೀನಿನ ಗೆರೆ ನೆಟ್ಟಗಾಯಿತು.

"ಎದ್ದೇಳೋ ಗಿರಿ!" ಎಂದು ಯಾರೋ ಕಿರುಚಿದರು. ಎಲ್ಲರೂ ನನ್ನತ್ತ ನೋಡಿದ ಮೇಲೆ, ಅದು ನಾನೇ ಎಂದು ಗೊತ್ತಾಯಿತು.

ಗಿರಿ ಕಣ್ಣು ಬಿಟ್ಟ. ರೂಪ ನನ್ನನ್ನು ತಬ್ಬಿಕೊಂಡಳು. "ಭಾನ್ವಾರ ಬೆಟ್ಟಕ್ಕೋಗನ" ಎಂದಳು ಅವ್ವ.

ಮಾದಪ್ಪನ ಬೆಟ್ಟದಲ್ಲಿ ತಲೆಗೆ ನೀರು ಹಚ್ಚುತ್ತಾ ಮುಡಿ ತೆಗೆಯುವವನು ಕೇಳಿದ: "ಏನ್ ಹರಕೆ ಸಾಮಿ?"

"ನಮ್ಮ ಕಡೆ ಹುಡುಗನಿಗೆ ಆಕ್ಸಿಡೆಂಟ್ ಆಗಿತ್ತು."

"ಈಗ ಉಸಾರಾದ್ರಾ?"

"ಸೋಮವಾರದಿಂದ ಕೆಲಸಕ್ಕೆ ಬರ್ತಾನೆ" ಎಂದೆ.

ಇಳಿಯುವಾಗ ಬಿಸಿಲು ಚುರುಗುಟ್ಟಿತು. ರೂಪ ತನ್ನ ದುಪಟ್ಟಾ ತೆಗೆದು ನನ್ನ ಬೋಳುತಲೆಗೆ ಸುತ್ತಿ, ಬಸ್‌ಸ್ಟಾಂಡಿನವರೆಗೂ ಕೈ ಹಿಡಿದುಕೊಂಡೇ ನಡೆದಳು. ಅವಳು ಹಾಗೆ ನಡೆದು ವರ್ಷಗಳೇ ಆಗಿದ್ದವು.

ಭಾಮೈದನ ಮದುವೆ ಮುಗಿಯುವಷ್ಟರಲ್ಲಿ ಗಿರಿ ಧಾರಾವಾಹಿಯ ನರ್ಸನ್ನು ಮದುವೆಯಾದ. ಹುಡುಗಿಯರು ಅವನನ್ನು ಅಲ್ಲೇ ಬಿಟ್ಟು, ಬೇರೊಂದು ಧಾರಾವಾಹಿಯಲ್ಲಿ ಲಾಯರ ಫೈಲು ಹೊರುವ ಗುಮಾಸ್ತನನ್ನು ಮೆಚ್ಚಿಕೊಂಡರು. ಒಂದು ಸಂಜೆ ಆ ಗುಮಾಸ್ತ ಎದೆ ಹಿಡಿದುಕೊಂಡು ಕೆಮ್ಮಿದ. ಅವ್ವ ಎಲೆ ಮಡಿಸುವುದನ್ನು ನಿಲ್ಲಿಸಿ, ನಿಧಾನವಾಗಿ ನನ್ನ ಮೀಸೆಯ ಕಡೆ ನೋಡಿದಳು.