ವಿಶಾಲಾಕ್ಷಮ್ಮನಿಗಾಗಿ ಕೆರೆದ ಬಾಗಿಲು

ಸುಂಟಿಕೊಪ್ಪದ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಪುಟ್ಟರಾಜುವಿನ ಮನೆಯ ಬಾಗಿಲು ಮಳೆ ಹಿಡಿಯಿತೆಂದರೆ ಮುನಿಸಿಕೊಂಡ ಬೀಗರ ಹಾಗೆ ಬಿಗಿದುಕೊಳ್ಳುತ್ತಿತ್ತು. ಬೇರೆಯೇ ರಾಜ್ಯವಾಗಿದ್ದ ಕೊಡಗಿಗೆ ತನ್ನದೇ ಮುಖ್ಯಮಂತ್ರಿ ಬಂದ ವರ್ಷ ಬಾಗಿಲಿಗೆ ಬಳಿದ ಹಸಿರು, ಅದರಡಿ ಹಿಂದಿದ್ದವರ ನೀಲಿ, ಅದರಡಿ ಯಾರದೋ ಕೆಂಪು. ಎಲ್ಲ ಆ ಬಣ್ಣದ ದಪ್ಪದಿಂದಲೇ ಎಂದು ಪುಟ್ಟರಾಜುವಿನ ನಂಬಿಕೆ.

ಕಳೆದ ಮಳೆಗಾಲದಲ್ಲಿ ಹೆಂಡತಿಯ ಅಕ್ಕ ವಿಶಾಲಾಕ್ಷಮ್ಮ ಶಿರಂಗಾಲಕ್ಕೆ ವಾಪಸು ಹೊರಟಾಗ ಬಾಗಿಲು ತೆರೆಯಲೇ ಇಲ್ಲ. ಎಳೆದಾಡುವಷ್ಟರಲ್ಲಿ ಬಸ್ಸು ಹೋಯಿತು. ಹೊರಡಬೇಡವೆಂದು ದೇವರೇ ಅಪ್ಪಣೆ ಕೊಟ್ಟನೆಂದು ಆಕೆ ಇನ್ನೊಂದು ತಿಂಗಳು ಉಳಿದು, ಪುಟ್ಟರಾಜು ಉಣ್ಣುವುದನ್ನೂ ಕೂರುವುದನ್ನೂ ಕೆಮ್ಮುವುದನ್ನೂ ತಿದ್ದಿದ್ದರು.

ಈಗ ಮತ್ತೆ ಸಂಜೆಯ ಬಸ್ಸಿಗೆ ಬರುತ್ತೇನೆಂದು ಹೇಳಿಕಳಿಸಿದ್ದರು. ಬರುವುದನ್ನಂತೂ ತಡೆಯುವಂತಿಲ್ಲ, ಹೋಗುವ ದಿನವಾದರೂ ಬಾಗಿಲು ಸಲೀಸಾಗಿ ತೆರೆದುಕೊಳ್ಳಲಿ ಎಂದು ಪುಟ್ಟರಾಜು ರಜೆ ಹಾಕಿದ. ಮಳೆ ಬಿಟ್ಟ ಹೊತ್ತು ನೋಡಿ ಬಾಗಿಲನ್ನು ಕಳಚಿ, ಅಂಗಳದಲ್ಲಿ ಮಲಗಿಸಿ, ಗಾಜಿನ ಚೂರಿನಿಂದ ಬಣ್ಣ ಕೆರೆಯತೊಡಗಿದ.

ಪಕ್ಕದ ಮನೆಯ ಬಸ್ ಏಜೆಂಟ್ ಬೆಳ್ಯಪ್ಪ ಬಂದು, ಬಾಗಿಲನ್ನು ಬೆರಳಲ್ಲಿ ತಟ್ಟಿ, ಇದು ಬೀಟೆ ಮರ ಎಂದು ತೀರ್ಪು ಕೊಟ್ಟ. ಬೀಟೆಗೆ ಬೆಂಕಿ ತೋರಿಸಬೇಕೆಂದು ಹುಲ್ಲಿನ ಪಂಜು ಮಾಡಿ ತಂದ. ಬಣ್ಣ ದೋಸೆಯಂತೆ ಗುಳ್ಳೆ ಎದ್ದಿತು, ಪುಟ್ಟರಾಜುವಿನ ಒಂದು ಹುಬ್ಬು ಸುಟ್ಟಿತು.

ವಾಸನೆಗೆ ಓಡಿಬಂದ ಎದುರುಮನೆಯ ಬೋಜಮ್ಮ, ಇದು ಬೀಟೆಯಲ್ಲ ತೇಗ ಎಂದು ವಾದಕ್ಕೆ ನಿಂತರು. ತೇಗಕ್ಕೆ ಕಾಸ್ಟಿಕ್ ಸೋಡಾವೇ ಮದ್ದೆಂದು, ಮನೆಯಲ್ಲಿ ಸೋಪು ಮಾಡಲು ಇಟ್ಟಿದ್ದ ನೀರನ್ನು ತಂದು ಸುರಿದರು. ಪುಟ್ಟರಾಜುವಿನ ಪಂಚೆಯ ಅಂಚು ತೂತಾಯಿತು.

ಬೀಟೆಯೋ ತೇಗವೋ ಮರವನ್ನೇ ಕೇಳಿಬಿಡೋಣವೆಂದು ಮೂವರೂ ಕೂತು ಕೆರೆದರು. ಹಸಿರು ಹೋಯಿತು, ನೀಲಿ ಹೋಯಿತು, ಕೆಂಪು ಹೋಯಿತು. ಆಮೇಲೆ ಬೆಳ್ಯಪ್ಪ ಮನೆಯಿಂದ ತಂದಿದ್ದ ಉಳಿ ಬಾಗಿಲನ್ನು ದಾಟಿ ನೆಲಕ್ಕೆ ಹೋಯಿತು.

ಒಳಗೆ ಬರೀ ಮಣ್ಣು. ಗೆದ್ದಲು ಮರವನ್ನು ಯಾವತ್ತೋ ತಿಂದು ಮುಗಿಸಿತ್ತು. ಇಷ್ಟು ವರ್ಷ ಪುಟ್ಟರಾಜು ಅಗುಳಿ ಹಾಕಿ ಮಲಗುತ್ತಿದ್ದದ್ದು ಬಣ್ಣಕ್ಕೆ.

"ಬೀಟೆಗೆ ಗೆದ್ದಲು ಹಿಡಿಯಲ್ಲ. ತೇಗವೇ ಇರ್ಬೇಕು," ಎಂದು ಬೆಳ್ಯಪ್ಪ ಉದಾರವಾಗಿ ಸೋಲೊಪ್ಪಿದ. ತೇಗಕ್ಕಂತೂ ಹಿಡಿಯುವುದೇ ಇಲ್ಲ, ಬೀಟೆಯೇ ಇದ್ದೀತು ಎಂದು ಬೋಜಮ್ಮನೂ ಸೋಲೊಪ್ಪಿ ಇಬ್ಬರೂ ಮನೆಗೆ ಹೋದರು.

ಹೆಂಡತಿ ಗುರುಸಿದ್ದಮ್ಮ ಬಾಗಿಲಿದ್ದ ಜಾಗಕ್ಕೆ ಒಂದು ಕಂಬಳಿ ಕಟ್ಟಿದಳು. ಅದನ್ನು ನೋಡುತ್ತ ನೋಡುತ್ತ ಪುಟ್ಟರಾಜುವಿಗೆ ಹರುಷ ಉಕ್ಕಿತು. ಹಲ್ಲಿ ಲೊಚಗುಟ್ಟಿದರೂ ಹೆದರುವ ವಿಶಾಲಾಕ್ಷಮ್ಮ ಬಾಗಿಲಿಲ್ಲದ ಮನೆಯಲ್ಲಿ ಒಂದು ರಾತ್ರಿಯೂ ಉಳಿಯಲಾರರು.

ಸಂಜೆ ಬಸ್ಸಿಳಿದ ಆಕೆಯ ಜೊತೆ ಟ್ರಂಕು, ಹಾಸಿಗೆ ಸುರುಳಿ, ಒರಳುಕಲ್ಲು ಇಳಿದವು. ಅವನ್ನೆಲ್ಲ ಮನೆಯ ಅಂಗಳಕ್ಕೆ ತಂದಿಳಿಸಿ ಪುಟ್ಟರಾಜು ದುಃಖದ ಮುಖ ಮಾಡಿ, ಮನೆಗೆ ಬಾಗಿಲಿಲ್ಲವೆಂದೂ ತೋಟಕ್ಕೆ ಆನೆ ಬರುತ್ತಿದೆಯೆಂದೂ ವಿವರಿಸಿದ.

"ಅದಕ್ಯಾಕೆ ಬೇಜಾರು ರೈಟ್ರೇ. ನಮ್ಮನೆ ಬಾಗಿಲನ್ನೂ ಹೊಸ ಬಣ್ಣ ಬಳಿಸಾನ ಅಂತ ಕೆರೆಸ್ದೆ, ಒಳಗೆಲ್ಲ ಗೆದ್ಲು. ಒಬ್ಳೇ ಇರಕ್ಕೆ ಭಯ ಆಗಿ ಬಂದೆ. ಇಲ್ಲಿ ಗಂಡಸು ಅಂತ ನೀವಿದೀರಲ್ಲ, ಹೊಸ್ತಿಲಿಗೆ ಅಡ್ಡ ಮಲಗಿದ್ರಾಯ್ತು."

ಅವರ ಹೊಸ ಬಾಗಿಲು ಯಾವಾಗ ಬರುತ್ತದೆಂದು ಪುಟ್ಟರಾಜು ಬಹಳ ಸಣ್ಣ ದನಿಯಲ್ಲಿ ಕೇಳಿದ.

"ಮಳೇಲಿ ಮರ ಒಣಗಲ್ವಂತೆ. ದೀಪಾವಳಿ ಕಳೀಲಿ ಅಂದ ಆಚಾರಿ."

ಹೀಗೆಂದು ವಿಶಾಲಾಕ್ಷಮ್ಮ ಒಂದು ಬೆರಳಲ್ಲಿ ಮುಟ್ಟಿದ್ದೇ ತಡ, ಕಂಬಳಿ ಸಲೀಸಾಗಿ ಸರಿದು ದಾರಿ ಬಿಟ್ಟಿತು.