ಇಪ್ಪತ್ತೊಂಬತ್ತು ಜನರ ಒಂದೇ ಫೋಟೋ

ನಂಜನಗೂಡಿನ ಡ್ರಾಯಿಂಗ್ ಮೇಷ್ಟ್ರು ಗುರುಪ್ರಸಾದ್ ಎರಡು ಹಳೇ ಮಡಚುವ ಕ್ಯಾಮೆರಾಗಳನ್ನು ಕೊಯ್ದು, ಬೆಸೆದು, ಅಗಲ ಚಿತ್ರ ತೆಗೆಯುವ ಒಂದು ಉದ್ದದ ಕ್ಯಾಮೆರಾ ಮಾಡಿದ್ದರು. ಎಂಟು ತಿಂಗಳು ಊಟದ ಮೇಜಿನ ತುಂಬ ಅರ, ಅಂಟು, ಕಪ್ಪು ಟೇಪು. ಕೊನೆಗೆ ಹೆಂಡತಿ ನಯನ ಷರತ್ತು ಹಾಕಿದಳು.

"ಭಾನುವಾರ ದೇವನೂರಲ್ಲಿ ನಮ್ಮಜ್ಜಿ ಮನೇವ್ರೆಲ್ಲ ಸೇರ್ತಾರೆ. ಇಪ್ಪತ್ತೊಂಬತ್ತು ಜನಾನೂ ಒಂದೇ ಫೋಟೋದಲ್ಲಿ ತೋರ್ಸಿ, ಈ ಡಬ್ಬ ಮನೇಲಿರ್ಲಿ. ಇಲ್ಲಾಂದ್ರೆ ಸೋಮವಾರ ಗುಜರಿಗೆ!"

ಮೇಷ್ಟ್ರು ಎದೆ ತಟ್ಟಿ ಒಪ್ಪಿದರು. ಆದರೆ ಚಿತ್ರ ಅಷ್ಟು ಅಗಲವಾದರೆ ಒಂದು ಫಿಲ್ಮ್ ರೋಲಿಗೆ ನಾಲ್ಕೇ ಹಿಡಿಸುವುದು, ದೇವನೂರಿಗೆ ತಂದಿದ್ದೂ ಒಂದೇ ರೋಲು.

ಅಜ್ಜಿ ಚನ್ನಾಜಮ್ಮನಿಗೆ ನಾಲ್ವರು ಗಂಡುಮಕ್ಕಳು, ನಾಲ್ಕು ಸಂಸಾರ. ಹಿರಿಯ ಸಿದ್ದಮಲ್ಲಪ್ಪನವರು ಸಂಸಾರಕ್ಕೊಂದು ಗುಂಪಿನಂತೆ, ಹಿರಿತನದ ಪ್ರಕಾರ, ಹುಲ್ಲುಮೆದೆಯಿಂದ ಗೇಟಿನವರೆಗೆ ಎಲ್ಲರನ್ನೂ ನಿಲ್ಲಿಸಿದರು. ನಿಲ್ಲಿಸಿ ಸುಮ್ಮನಿದ್ದರೆ ಚೆನ್ನಾಗಿತ್ತು.

"ಇದ್ರೊಳಗೆ ಏನ್ ಕಾಣ್ತದೆ ಮೇಷ್ಟ್ರೇ?" ಎಂದು ಲೆನ್ಸಿಗೇ ಮುಖವಿಟ್ಟರು. ಬೆಚ್ಚಿದ ಮೇಷ್ಟ್ರ ಬೆರಳು ಒತ್ತಿತು. ಮೊದಲ ಚಿತ್ರದ ತುಂಬ ಸಿದ್ದಮಲ್ಲಪ್ಪನವರ ಮೀಸೆ.

ಎರಡನೆಯದಕ್ಕೆ ಕಿರಿಯ ಬಸವಯ್ಯನ ಮೊಬೈಲು ಕೂಗಿತು. "ಅಲೋ, ಪಂಪ್‌ಸೆಟ್ ಆನ್ ಮಾಡಿದ್ಯೇನ್ಲಾ?" ಎನ್ನುತ್ತಾ ಅವನು ಸಾಲಿನ ಮುಂದೆಯೇ ನಡೆದುಹೋದ. ಮೂರನೆಯದಕ್ಕೆ ಎಲ್ಲರೂ ಕಂಬದಂತೆ ನಿಂತರು. ಲೆನ್ಸಿನ ಮುಚ್ಚಳವೂ ಅಲ್ಲಾಡದೆ ನಿಂತಿತ್ತು.

ಉಳಿದಿದ್ದು ಒಂದೇ. ಮೇಷ್ಟ್ರು ಮುಚ್ಚಳ ತೆಗೆದರು, ಮೊಬೈಲುಗಳನ್ನೆಲ್ಲ ಮೊರಕ್ಕೆ ಹಾಕಿಸಿದರು, ಮನೆದೇವರನ್ನು ನೆನೆದು ಒತ್ತಿದರು.

ಬಚ್ಚಲುಮನೆಯಲ್ಲೇ ಫಿಲ್ಮು ತೊಳೆದು ನೆಗೆಟಿವನ್ನು ಬೆಳಕಿಗೆ ಹಿಡಿದರೆ, ಇಪ್ಪತ್ತೊಂಬತ್ತೂ ಜನ! ಒಬ್ಬರ ಕಿವಿಯೂ ತಪ್ಪಿಲ್ಲ. ಮೇಷ್ಟ್ರಿಗೆ ಸಂತೋಷಕ್ಕೆ ಅಳುವೇ ಬಂತು. ಜಗಲಿಯ ತಂತಿಗೆ ಒಣಹಾಕಿ, ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡರು.

ಉಂಡು ಬಂದು ನೋಡಿದರೆ ತಂತಿ ಖಾಲಿ. ಕೆಳಗೆ ಚನ್ನಾಜಮ್ಮ ಕತ್ತರಿ ಹಿಡಿದು ಕೂತಿದ್ದರು.

"ಬನ್ನಿ ಮೇಷ್ಟ್ರೇ. ಮೂರು ಕೆಟ್ಟೋಗಿದ್ವು, ಬಿಸಾಕ್ದೆ. ನಾಕನೇದು ಬೋ ಚೆಂದಾಗದೆ, ನನ್ ತಲೆಗೂದ್ಲೂ ಕಪ್ಪಗಾಗದೆ. ನಾಕೂ ಮನೇರು ನಂಗೆ ತಂಗೆ ಅಂತ ಕಿತ್ತಾಡ್ತಿದ್ರು. ಎಚ್ಚುಕಮ್ಮಿ ಆಗ್ದಂಗೆ ನಾಕು ಭಾಗ ಮಾಡ್ಬುಟ್ಟೆ."

ನಯನ ತನ್ನಪ್ಪನ ಪಾಲಿಗೆ ಬಂದ ತುಂಡನ್ನು ಬೆಳಕಿಗೆ ಹಿಡಿದು ಎಣಿಸಿದಳು. "ಏಳು ಜನ. ಇಷ್ಟಕ್ಕೆ ಮೊಬೈಲೇ ಸಾಕಿತ್ತು ಕಣ್ರೀ."

"ಇಪ್ಪತ್ತೊಂಬತ್ತೂ ಜನ ಬಂದಿದ್ರು ಕಣೇ!"

"ಹಾಗಾದ್ರೆ ಒಂದೇ ಫೋಟೋದಲ್ಲಿ ತೋರ್ಸಿ."

ತುಂಡುಗಳನ್ನಾದರೂ ಜೋಡಿಸೋಣವೆಂದು ಮೇಷ್ಟ್ರು ಸಿದ್ದಮಲ್ಲಪ್ಪನವರ ಮುಂದೆ ಕೈಚಾಚಿದರು. ಅವರು ತಮ್ಮ ಪಾಲನ್ನು ಜೇಬಿಗಿಳಿಸಿ, ಮೇಲೊಮ್ಮೆ ತಟ್ಟಿದರು.

"ಒಂದ್ಸಲ ಭಾಗ ಆದ್ಮೇಲೆ ಮತ್ತೆ ಸೇರ್ಸೋಕಾಯ್ತದಾ ಮೇಷ್ಟ್ರೇ? ಸುಮ್ನೆ ಮಾತು ಬತ್ತದೆ."